ಪ್ರೋಗ್ರಾಮೆಬಲ್ ಇಂಟರ್‌ಫೇಸ್ ಮಂಡಲ (ಡಿಸ್ಕ್ ಪ್ಲೇಯರ್)

ಪ್ರೋಗ್ರಾಮೆಬಲ್ ಇಂಟರ್‌ಫೇಸ್ ಮಂಡಲವು ಡಿಸ್ಕ್ ಪ್ಲೇಯರ್‌ನ ಸಿಗ್ನಲ್ ಪ್ರೊಸೆಸರ್ ಮತ್ತು ಡಿಕೋಡರ್‌ಗಳ ನಡುವೆ ದತ್ತಾಂಶವನ್ನು ಸಾಗಿಸುವ ವಿದ್ಯುನ್ಮಾನ ಮಂಡಲವಾಗಿದೆ. ಇದರ ಕಾರ್ಯಕ್ರಮವನ್ನು ಸೂಚನೆಗಳ ಮೂಲಕ ಬದಲಿಸಬಹುದು.

ಹಿನ್ನೆಲೆ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ರೂಪಿಸಿದ ಆಡಿಯೋ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. ಇದರಲ್ಲಿ ಎಡ ಮತ್ತು ಬಲ ಧ್ವನಿಗಳನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ದಾಖಲಿಸಲಾಗುತ್ತದೆ. ಲೇಸರ್ ಕಿರಣದ ನೆರವಿನಿಂದ ಓದಿದ ಸಂಕೇತದ ದೋಷಗಳನ್ನು ಸಿಗ್ನಲ್ ಪ್ರೊಸೆಸರ್ ತಿದ್ದುತ್ತದೆ. ಎಂಪಿ3 ಡಿಸ್ಕ್‌ನಲ್ಲಿ ದತ್ತಾಂಶವು ಸಂಕುಚಿತ ರೂಪದಲ್ಲಿರುವುದರಿಂದ, ಅದನ್ನು ಬಿಡಿಸಿ ಧ್ವನಿಯ ಸಂಖ್ಯೆಗಳನ್ನಾಗಿಸಲು ಡಿಕೋಡರ್ ಬೇಕಾಗುತ್ತದೆ.

ಕಾರ್ಯವಿಧಾನ

ಬಿಟ್‌ಗಳು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಸಂಖ್ಯೆಯು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅವು ತಾವಾಗಿ ತಿಳಿಸಲಾರವು. ಆದ್ದರಿಂದ ಕಾಲವನ್ನು ಅಳೆಯುವ ಗಡಿಯಾರ ಸಂಕೇತವೂ ಎಡ–ಬಲಗಳನ್ನು ಸೂಚಿಸುವ ಸಂಕೇತವೂ ಬೇರೆ ತಂತಿಗಳಲ್ಲಿ ಜೊತೆಗೂಡುತ್ತವೆ. ಫಿಲಿಪ್ಸ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ‘ಐ2ಎಸ್’ ಕ್ರಮದಲ್ಲಿ, ಎಡ–ಬಲ ಸಂಕೇತ ಬದಲಾಗಿ ಗಡಿಯಾರದ ಒಂದು ಮಿಡಿತ ಕಳೆದ ಮೇಲೆ ಮೊದಲ ಬಿಟ್ ಬರುತ್ತದೆ. ಮತ್ತೊಂದು ಕ್ರಮದಲ್ಲಿ ಅದು ಕೂಡಲೇ ಬರುತ್ತದೆ. ಧ್ವನಿಯ ಸಂಖ್ಯೆಯಲ್ಲಿ ಮೊದಲ ಬಿಟ್ ಧನ–ಋಣ ಚಿಹ್ನೆಯಾಗಿರುತ್ತದೆ. ಹೀಗಾಗಿ ಕಳುಹಿಸುವ ಮತ್ತು ಪಡೆಯುವ ಭಾಗಗಳ ನಡುವೆ ಒಂದೇ ಬಿಟ್‌ನಷ್ಟು ವ್ಯತ್ಯಾಸವಾದರೂ ಸಂಗೀತವು ಕರ್ಕಶವಾಗಬಹುದು.

ಮಹತ್ವ

ಸಂಖ್ಯೆಯಲ್ಲಿರುವ ಬಿಟ್‌ಗಳೆಷ್ಟು, ಅವುಗಳ ಅನುಕ್ರಮವೇನು, ಆರಂಭದ ಸ್ಥಾನ ಯಾವುದು ಎಂಬ ವಿವರಗಳನ್ನು ಪ್ಲೇಯರ್‌ನ ಮೈಕ್ರೋಕಂಟ್ರೋಲರ್ ಈ ಮಂಡಲದ ರಿಜಿಸ್ಟರ್‌ಗಳಲ್ಲಿ ಬರೆಯುತ್ತದೆ. ಇದರಿಂದ ಒಂದೇ ಚಿಪ್ಪನ್ನು ಭಿನ್ನ ಕ್ರಮಗಳನ್ನು ಅನುಸರಿಸುವ ಡಿಕೋಡರ್‌ಗಳೊಡನೆ ಬಳಸಬಹುದು. ಮಂಡಲವು ಸ್ಥಿರವಾಗಿದ್ದರೆ ಪ್ರತಿಯೊಂದು ಜೋಡಣೆಗೂ ಹೊಸ ವಿನ್ಯಾಸ ಬೇಕಾಗುತ್ತಿತ್ತು.