ಎಷ್ಟು ಮುಡಿ ಆಯ್ತು?

ಕುಚ್ಚಲಕ್ಕಿಗೆ ಅವಸರವೆಂಬುದು ಗೊತ್ತಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಎಸರಿಟ್ಟರೂ ಅದು ಬೇಯುವಷ್ಟರಲ್ಲಿ ನಾನು ಅಂಗಳ ಗುಡಿಸಿ, ದೇವರಿಗೆ ದೀಪ ಹಚ್ಚಿ, ಒಂಬತ್ತನೆಯ ತರಗತಿಯ ಏಳೆಂಟು ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿರುತ್ತೇನೆ. ಕುಕ್ಕರಿಗೆ ಹಾಕಿದರೆ ಬೇಗ ಆಗುತ್ತದೆ, ನಿಜ. ಆದರೆ ನಮ್ಮ ಅತ್ತೆಯವರಿಗೆ ಕುಕ್ಕರಿನ ಗಂಜಿ ಸೇರದು. ಅವರಿಗೀಗ ಎಂಬತ್ತಾರು. ಕಿವಿ ಮಂದವಾಗಿದೆ, ನೆನಪು ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ನಾಲಿಗೆ ಮಾತ್ರ ಏನನ್ನೂ ಮರೆತಿಲ್ಲ.

ಮೊನ್ನೆ ಹೀಗೆ ಪತ್ರಿಕೆ ತಿದ್ದುತ್ತಿದ್ದೆ. ಪಠ್ಯದಲ್ಲಿ ಇಲ್ಲದಿದ್ದರೂ ನಮ್ಮ ಊರಿನದೊಂದು ಪ್ರಶ್ನೆ ಇರಲೆಂದು, ‘ಬಸ್ರೂರಿನ ಇತಿಹಾಸದ ಕುರಿತು ಟಿಪ್ಪಣಿ ಬರೆಯಿರಿ’ ಎಂದು ಕೇಳಿದ್ದೆ. ಬರೆದವರೆಲ್ಲರ ಮೊದಲ ವಾಕ್ಯವೂ ಒಂದೇ: 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಲೂಟಿ ಮಾಡಿದನು. ಹೆಚ್ಚಿನವರಿಗೆ ಅದೇ ಕೊನೆಯ ವಾಕ್ಯವೂ ಆಗಿತ್ತು. ತಪ್ಪೇನಿಲ್ಲ. ಮಾಲವಣದಿಂದ ಹೊರಟ ಆ ನೌಕಾಪಡೆ ಇಲ್ಲಿಗೆ ಬಂದದ್ದೂ, ಹಿಂದಿರುಗುವಾಗ ಶಿವಾಜಿ ಗೋಕರ್ಣಕ್ಕೆ ಹೋದದ್ದೂ ನಡೆದ ಸಂಗತಿಗಳೇ. ಆಗ ಊರು ಕೆಳದಿಯ ಅರಸರ ಕೈಯಲ್ಲಿತ್ತು. ಅಂಕ ಕೊಟ್ಟೆ.

ತರಗತಿಯಲ್ಲಿ ಪತ್ರಿಕೆ ಹಂಚುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನಿಗೆ ಬಂದದ್ದು ಹತ್ತರಲ್ಲಿ ಮೂರು. “ಟೀಚರ್, ಲೂಟಿ ಮಾಡ್ಲಿಕ್ಕೆ ನಮ್ಮೂರಲ್ಲಿ ಎಂತ ಇತ್ತು?” ಎಂದ. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಇತಿಹಾಸ ಕಲಿಸುತ್ತಿರುವ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.

ಕುಂದಾಪುರದ ಮೂರ್ಕೈಯಲ್ಲಿ ಬಸ್ಸು ಹತ್ತಿ ಬಂದವರಿಗೆ ಇದು ತೆಂಗಿನ ಮರಗಳ ನಡುವೆ ದೇವಸ್ಥಾನಗಳಿರುವ, ವಾರಾಹಿಯ ಬದಿಯ ಒಂದು ಹಳ್ಳಿಯಂತೆಯೇ ಕಾಣುವುದು. ಆದರೆ ಹೆಸರುಗಳು ಇನ್ನೂ ಉಳಿದಿವೆ. ಮಂಡಿಕೇರಿ, ವಿಲಾಸಕೇರಿ, ರಾವುತಕೇರಿ. ಮಂಡಿಯೆಂದರೆ ಸಗಟು ವ್ಯಾಪಾರದ ಜಾಗ. ವಿಜಯನಗರದ ಕಾಲದ ಶಾಸನಗಳು ಇಲ್ಲಿನ ಮೂಡುಕೇರಿ, ಪಡುವಕೇರಿಗಳನ್ನೂ ಅಲ್ಲಿನ ‘ಹಲರು’, ‘ಸೆಟ್ಟಿಕಾರರು’ ಎಂಬ ವರ್ತಕ ಸಂಘಗಳನ್ನೂ ಹೆಸರಿಸುತ್ತವೆ. ನಖರೇಶ್ವರ ದೇವಸ್ಥಾನದ ಹೆಸರಿನಲ್ಲೇ ವರ್ತಕರ ‘ನಖರ’ ಕುಳಿತಿದೆ. ಹದಿನಾಲ್ಕನೆಯ ಶತಮಾನದಲ್ಲಿ ಈ ದಾರಿಯಾಗಿ ಹೋದ ಇಬ್ನ್ ಬತೂತ ‘ಅಬೂ ಸರೂರ್’ ಎಂದು ಬರೆದದ್ದು ನಮ್ಮ ಬಸ್ರೂರನ್ನೇ ಎನ್ನುತ್ತಾರೆ ವಿದ್ವಾಂಸರು. ಅವನ ಕಣ್ಣಿಗೂ ಎದ್ದು ಕಂಡದ್ದು ತೆಂಗಿನ ಮರಗಳೇ!

ಹಾಗಾದರೆ ಇಲ್ಲಿ ಇದ್ದದ್ದೇನು? ಅಕ್ಕಿ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಇಲ್ಲಿ ಹಡಗುಗಳು ಅಕ್ಕಿ ತುಂಬಿಕೊಳ್ಳುತ್ತಿದ್ದುದನ್ನು ಬರೆದಿದ್ದಾನೆ. ಮಲಬಾರಿನವರು ಉಣ್ಣಬೇಕಿದ್ದರೆ ನಮ್ಮ ಕರಾವಳಿಯ ಅಕ್ಕಿ ಹೋಗಬೇಕಿತ್ತು. ಗೋವೆ, ಮಸ್ಕತ್, ಹೊರ್ಮುಜ್, ದೂರದ ಮಲಕ್ಕಾದ ಕೋಟೆಗಳಲ್ಲಿದ್ದ ಪೋರ್ಚುಗೀಸ್ ಸಿಪಾಯಿಗಳ ಹೊಟ್ಟೆಗೂ ಇದೇ ಅಕ್ಕಿ ಬೇಕಿತ್ತು. 1569ರಲ್ಲಿ ಅವರು ಇಲ್ಲಿನ ಕೋಟೆಯನ್ನು ಹಿಡಿದುಕೊಂಡದ್ದು ದೇಗುಲ ನೋಡಲಿಕ್ಕಲ್ಲ. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಓಡಿಸುವವರೆಗೂ ಅವರು ಇಲ್ಲೇ ಕುಳಿತಿದ್ದರು. 1600ರಿಂದ 1650ರವರೆಗಿನ ಬಸ್ರೂರು ಬಂದರು ಮತ್ತು ಅಕ್ಕಿ ವ್ಯಾಪಾರದ ಬಗ್ಗೆಯೇ ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಒಂದು ದೀರ್ಘ ಲೇಖನ ಬರೆದಿದ್ದಾರೆ. ಆ ಕಾಲದ ಪೋರ್ಚುಗೀಸ್ ಕಾಗದಗಳಲ್ಲಿ ಅಕ್ಕಿಯ ಲೆಕ್ಕ ‘ಫಾರ್ದೊ’ಗಳಲ್ಲಿರುತ್ತದೆ. ಫಾರ್ದೊ ಎಂದರೆ ಕಟ್ಟು, ಮೂಟೆ. ಅದನ್ನು ಓದುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಬಡಿದು ಗುಂಡಗೆ ಮಾಡಿದ ನಮ್ಮ ಅಕ್ಕಿಮುಡಿ.

ಇಷ್ಟನ್ನೂ ಆ ದಿನ ಹುಡುಗನಿಗೆ ಹೇಳುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ಬಿಸಿಯೂಟದ ಉಸ್ತುವಾರಿ ನನ್ನದೇ. ಹಾಜರಿ ಎಣಿಸಬೇಕು, ತೂಕ ಬರೆಯಬೇಕು, ಉಳಿಕೆ ತೋರಿಸಬೇಕು. ಅಡುಗೆಯವರು ಸುರಿದದ್ದು ಬೆಳ್ತಿಗೆ ಅಕ್ಕಿ, ಬೇರೆಲ್ಲಿಯದೋ. ಹೊರ್ಮುಜಿಗೆ ಅಕ್ಕಿ ಕಳಿಸಿದ ಊರಿನ ಮಕ್ಕಳಿಗೆ ಅಕ್ಕಿ ಲಾರಿಯಲ್ಲಿ ಬರುತ್ತದೆ. ರಿಜಿಸ್ಟರಿನಲ್ಲಿ ಕಿಲೋ ಬರೆಯುತ್ತಾ, ಈ ಊರಿನ ಶಾಸನ ಬರೆಸಿದವರೂ ಇಂಥ ಲೆಕ್ಕವನ್ನೇ ಇಟ್ಟಿದ್ದರಲ್ಲವೇ ಅನಿಸಿತು. ದೇವರ ನೈವೇದ್ಯಕ್ಕೆ ಇಷ್ಟು, ದೀಪದ ಎಣ್ಣೆಗೆ ಇಷ್ಟು ಎಂಬುದು ದಾನಶಾಸನಗಳ ಸಾಮಾನ್ಯ ರೀತಿ. ಲೂಟಿ ಒಂದು ದಿನದ್ದು. ಲೆಕ್ಕ ಇಟ್ಟ ದಿನಗಳು ನೂರಾರು ವರ್ಷದವು. ಹಡಗಿನವರ ಸುದ್ದಿ ಪುಸ್ತಕದಲ್ಲಿದೆ. ಆ ಭತ್ತವನ್ನು ನೆಟ್ಟು, ಕೊಯ್ದು, ಬೇಯಿಸಿ, ಒಣಗಿಸಿ, ಕುಟ್ಟಿದ ಕೈಗಳ ಹೆಸರು ಎಲ್ಲೂ ಇಲ್ಲ.

ಅಂಥದೊಂದು ಜೊತೆ ಕೈ ನಮ್ಮ ಮನೆಯ ಚಾವಡಿಯಲ್ಲಿದೆ. ಸಂಜೆ ನಾನು ಬ್ಯಾಗು ಇಳಿಸುವ ಮೊದಲೇ ಅತ್ತೆಯವರ ಪ್ರಶ್ನೆ ಬರುತ್ತದೆ: “ಈ ವರ್ಷ ಎಷ್ಟ್ ಮುಡಿ ಆಯ್ತ್?” ಮದುವೆಯಾಗಿ ಬಂದಂದಿನಿಂದ ಹಂಡೆಯಲ್ಲಿ ಭತ್ತ ಬೇಯಿಸಿದವರು ಅವರು. ಸೇರು ಹದಿನಾಲ್ಕಾದರೆ ಕಳಸಿಗೆ, ಕಳಸಿಗೆ ಮೂರಾದರೆ ಮುಡಿ ಎಂಬ ಲೆಕ್ಕ ನನಗೆ ಕಲಿಸಿದ್ದೂ ಅವರೇ.

ಗದ್ದೆ ಹಡಿಲು ಬಿದ್ದು ಮೂರು ವರ್ಷವಾಯಿತು. ನಾಟಿಗೆ ಆಳಿಲ್ಲ, ಬೆಳೆದರೆ ಹಂದಿ ನವಿಲುಗಳ ಕಾಟ, ಮಗ ಬೆಂಗಳೂರಿನಲ್ಲಿ. ಇದನ್ನು ಅವರಿಗೆ ಹೇಳುವ ಧೈರ್ಯ ನನಗೂ ಇಲ್ಲ, ನಮ್ಮವರಿಗೂ ಇಲ್ಲ. ನಾನು “ಹನ್ನೆರಡು ಮುಡಿ ಅತ್ತೆ” ಎಂದುಬಿಡುತ್ತೇನೆ. ಶಾಲೆಯಲ್ಲಿ ಇಸವಿ ಒಂದು ತಪ್ಪಿದರೆ ಅರ್ಧ ಅಂಕ ಕಳೆಯುವವಳು, ಮನೆಯಲ್ಲಿ ದಿನಾ ಸುಳ್ಳು ಅಂಕಿ ಹೇಳುತ್ತೇನೆ. ಅವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಆ ದಿನ ಸುಮ್ಮನಾಗಲಿಲ್ಲ. ಬೆರಳು ಮಡಚಿ ಎಣಿಸಿದರು. “ಗೇಣಿ ಕೊಟ್ರೆ ಉಂಬುಕೆ ಎಂತ ಉಳಿತ್ತ್?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ಎದೆ ಧಸಕ್ಕೆಂದಿತು. ಅವರನ್ನು ನೆಮ್ಮದಿಯಲ್ಲಿಡಲು ಹೇಳಿದ ನನ್ನ ಸುಳ್ಳು ಅವರನ್ನು ಒಯ್ದು 1974ರ ಹಿಂದಕ್ಕೆ ಕೂರಿಸಿತ್ತು. ಧಣಿಗಳ ಮನೆಗೆ ಗೇಣಿಯ ಮುಡಿಗಳು ಹೋದ ಮೇಲೆ ಆಟಿ ತಿಂಗಳಲ್ಲಿ ಮಕ್ಕಳಿಗೆ ಏನು ಹಾಕುವುದೆಂದು ಎಣಿಸುತ್ತಿದ್ದ ಹೆಂಗಸಾಗಿ ಕುಳಿತಿದ್ದರು ಅವರು.

ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡೆ. “ಗೇಣಿ ಇಲ್ಲ ಅತ್ತೆ. ಡಿಕ್ಲರೇಶನ್ ಆಯ್ತಲ್ಲ, ಮಾವ ಅರ್ಜಿ ಕೊಟ್ಟು ಬಂದರಲ್ಲ. ದೇವರಾಜ ಅರಸರ ಕಾನೂನು. ಗದ್ದೆ ಈಗ ನಮ್ಮದೇ” ಎಂದೆ. ಭೂಸುಧಾರಣೆಯ ಪಾಠವನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಯಾರೂ ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. “ನಮ್ದೇಯಾ?” ಎಂದರು. ನಮ್ಮದೇ ಎಂದೆ. ಮುಖ ಅರಳಿತು. ಮರುಕ್ಷಣ ಕೇಳಿದರು:

“ಹಂಗಾರೆ ಎಷ್ಟ್ ಮುಡಿ ಆಯ್ತ್?”

ನನ್ನಲ್ಲಿ ಉತ್ತರವಿರಲಿಲ್ಲ. ಹನ್ನೆರಡೆನ್ನಲು ನಾಲಿಗೆ ಏಳಲಿಲ್ಲ. ಗಂಜಿ ಬಡಿಸುತ್ತೇನೆಂದು ಎದ್ದುಹೋದೆ. ಅದೂ ಅಂಗಡಿಯಿಂದ ತಂದ ಚೀಲದ ಅಕ್ಕಿಯದೇ.

ರಾತ್ರಿ ಇವರ ಹತ್ತಿರ, ಬರುವ ಮಳೆಗಾಲಕ್ಕೆ ಬೈಲಿನ ಒಂದು ಗದ್ದೆಯನ್ನಾದರೂ ಮಾಡಿಸೋಣ ಎಂದೆ. ಇವರು ಕಾಗದ ತೆಗೆದು ಉಳುಮೆ, ಗೊಬ್ಬರ, ನಾಟಿಯ ಯಂತ್ರದ ಬಾಡಿಗೆ ಎಲ್ಲ ಬರೆದು ಕೂಡಿಸಿ, ಇಷ್ಟು ನಷ್ಟ ಎಂದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ನಾನು ಅಲ್ಲಗಳೆಯಲಿಲ್ಲ. ಆದರೆ ಮೂರು ವರ್ಷ ಸುಳ್ಳು ಹೇಳಿದ್ದಕ್ಕೆ ದಂಡವೆಂದಾದರೂ ನಾನು ಒಂದು ಮುಡಿ ಅಕ್ಕಿ ತೋರಿಸಬೇಡವೇ? ಬೀಜದ ಭತ್ತಕ್ಕೆ ಹೇಳಿಟ್ಟಿದ್ದೇನೆ.