ಸಂಚಿ ಹಿಡಿದ ಕೈ

ನಮ್ಮ ನಡುಮನೆಯ ಗೂಟದಲ್ಲಿ ಒಂದು ಎಲೆಯಡಿಕೆ ಸಂಚಿ ತೂಗುಬಿದ್ದಿದೆ. ಅದು ನನ್ನ ಅತ್ತೆಯದು. ಹಳೆಯ ಸೀರೆಯ ಸೆರಗಿನಲ್ಲಿ ಅವರೇ ಹೊಲಿದುಕೊಂಡದ್ದು. ಮೂರು ಅರೆ, ಬಾಯಿಗೊಂದು ದಾರ. ಅತ್ತೆ ತೀರಿಕೊಂಡು ವರ್ಷಗಳಾದರೂ ಸುಣ್ಣದ ಡಬ್ಬಿ ಕೂತ ಜಾಗದ ಕಲೆ ಹೋಗಿಲ್ಲ. ಅದನ್ನು ಕಂಡಾಗಲೆಲ್ಲ ಮುನ್ನೂರು ವರ್ಷಗಳ ಹಿಂದಿನ ಇನ್ನೊಬ್ಬ ಹೆಂಗಸು ನೆನಪಾಗುತ್ತಾಳೆ. ಅವಳೂ ನಮ್ಮ ಸೀಮೆಯವಳೇ. ಸಂತೆಮರಹಳ್ಳಿಯ ಸರ್ಕಲ್ಲಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಅವಳ ಊರು ಬರುತ್ತದೆ. ಯಳಂದೂರಿನ ಹೊನ್ನಮ್ಮ, ಎಲ್ಲರೂ ಕರೆಯುವಂತೆ ಸಂಚಿಯ ಹೊನ್ನಮ್ಮ.

ಯಳಂದೂರು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವವರು ದಿವಾನ್ ಪೂರ್ಣಯ್ಯನವರು. 1807ರಲ್ಲಿ ಆ ಊರು ಅವರಿಗೆ ಜಹಗೀರಾಗಿ ಬಂತು. ಆಮೇಲೆ ಗೌರೀಶ್ವರನ ಗುಡಿ, ಅದರ ಮುಂದೆ ಕಲ್ಲಿನ ಬಳೆಗಳನ್ನು ಸರಪಳಿಯಾಗಿ ಕೊರೆದ ಬಳೆಮಂಟಪ. ಸಾಹಿತ್ಯ ಓದಿದವರಾದರೆ 'ರಾಜಶೇಖರ ವಿಳಾಸ'ದ ಷಡಕ್ಷರದೇವನ ಹೆಸರು ಹೇಳುತ್ತಾರೆ. ಹೊನ್ನಮ್ಮನ ಸರದಿ ಇವರೆಲ್ಲರ ಹಿಂದೆ. ಬದುಕಿದ್ದಾಗಲೂ ಅವಳ ಜಾಗ ಹಿಂದೆಯೇ ಇತ್ತೆನ್ನಿ. ಸಂಚಿ ಹಿಡಿದವಳು ಒಡತಿಯ ಹಿಂದೆ ನಿಲ್ಲಬೇಕಾದವಳು.

1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರಿಗೂ ನಮ್ಮ ಸೀಮೆಗೂ ಹಳೆಯ ನಂಟು. ಪಟ್ಟಕ್ಕೆ ಬರುವ ಮೊದಲು ಅವರಿದ್ದದ್ದು ಗುಂಡ್ಲುಪೇಟೆಯ ಹತ್ತಿರದ ಹಂಗಳದಲ್ಲಿ. ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿ ಕಟ್ಟಿಸಿದರು. ಅವರ ಮೊದಲ ಮಂತ್ರಿ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ. ಪಟ್ಟದ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನ ಮಗಳು. ಆ ರಾಣಿಯ ಊಳಿಗದವಳಾಗಿ ಹೊನ್ನಮ್ಮ ಶ್ರೀರಂಗಪಟ್ಟಣದ ಅರಮನೆ ಸೇರಿದಳು. ಹೊನ್ನುಹೊಳೆ ದಂಡೆಯಿಂದ ಕಾವೇರಿ ದಂಡೆಗೆ. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಮಡಿಸಿ ಕೊಡುವುದು ಅವಳ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಕೈ. ಕಿವಿಗೆ ಬಿಡುವು. ಸುತ್ತ ಪಂಡಿತರು, ಹಾಡು, ವಾದ. ಅಳಸಿಂಗರಾರ್ಯರು ಅವಳಿಗೆ ಗುರುವಾದರು. ಆಮೇಲೆ ಅರಸು ಮತ್ತು ರಾಣಿಯ ಇಚ್ಛೆಯಂತೆ ಅವಳು 'ಹದಿಬದೆಯ ಧರ್ಮ' ಬರೆದಳು. ಒಂಬತ್ತು ಸಂಧಿಗಳು, ಹೆಂಗಸರು ಹಾಡಿಕೊಳ್ಳಬಹುದಾದ ಸಾಂಗತ್ಯ.

ಬಿ.ಎ. ಓದುವಾಗ ನನಗೆ ಈ ಪುಸ್ತಕದ ಮೇಲೆ ಸಿಟ್ಟಿತ್ತು. ಹದಿಬದೆ ಎಂದರೆ ಪತಿವ್ರತೆ. ಗಂಡನ ಮಾತು ಮೀರಬಾರದು, ಅತ್ತೆ ಮಾವಂದಿರ ಸೇವೆ ಮಾಡಬೇಕು ಎಂದು ಪುಟಗಟ್ಟಲೆ ಇದೆ. ಕನ್ನಡದಲ್ಲಿ ಬರೆಯುವ ಭಾಗ್ಯ ಪಡೆದ ಬೆರಳೆಣಿಕೆಯ ಹಳೆಯ ಹೆಂಗಸರಲ್ಲಿ ಒಬ್ಬಳು ಇದನ್ನೇ ಬರೆಯಬೇಕಾಗಿತ್ತೆ ಎಂದುಕೊಳ್ಳುತ್ತಿದ್ದೆ. ಮೇಡಂ ಆದ ಮೇಲೆ ಉಪಾಯ ಮಾಡಿದೆ. ಉಳಿದದ್ದನ್ನೆಲ್ಲ ಬಿಟ್ಟು, ಹೆಣ್ಣನ್ನು ಹಳಿಯುವವರಿಗೆ ಅವರ ತಾಯಿಯನ್ನೇ ನೆನಪಿಸಿ ನಾಚಿಸುವ ಪದ್ಯವನ್ನೂ, ಮಗನೋ ಮಗಳೋ ಎಂಬುದರಲ್ಲಿ ಹೆಚ್ಚು ಕಡಿಮೆ ಇಲ್ಲವೆನ್ನುವ ಪದ್ಯವನ್ನೂ ಹಿಡಿದುಕೊಂಡೆ. ಪಠ್ಯದಲ್ಲಿ ಇರಲಿ, ಇಲ್ಲದಿರಲಿ, ಪ್ರತಿ ವರ್ಷ ಅವನ್ನು ಕಪ್ಪುಹಲಗೆಯ ಮೇಲೆ ಬರೆದು ಹೆಣ್ಣುಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತಿದ್ದೆ. ನನಗೆ ಅದೊಂದು ಹೆಮ್ಮೆ.

2015ರ ಜನವರಿಯಲ್ಲಿ ನಮ್ಮ ಯಜಮಾನರು ಹೋದರು. ಬೆಳಿಗ್ಗೆ ಎದೆನೋವು ಎಂದವರು ಮಧ್ಯಾಹ್ನಕ್ಕಿರಲಿಲ್ಲ. ನನಗಿರುವುದು ಇಬ್ಬರೂ ಹೆಣ್ಣುಮಕ್ಕಳೇ. ಮೊದಲ ಹಿಡಿ ಮಣ್ಣು ಯಾರು ಹಾಕಬೇಕು ಎಂಬ ಮಾತು ಬಂತು. ದಾಯಾದಿಗಳ ಪೈಕಿ ಒಬ್ಬ ಹುಡುಗ ಬೆಂಗಳೂರಿನಲ್ಲಿದ್ದ. ಅವನು ಬರುವವರೆಗೆ ಕಾಯಬೇಕೆಂದರು. ನನ್ನ ದೊಡ್ಡ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ. ದುಃಖದಿಂದ ಮಾತು ಹೊರಡಲಿಲ್ಲ ಎಂದು ಆಮೇಲೆ ಹೇಳಿಕೊಂಡಿದ್ದೇನೆ, ಅದು ಅರ್ಧ ನಿಜ. ನೆರೆದ ಜನರ ಹೆದರಿಕೆಯೂ ಇತ್ತು. ವರ್ಷ ವರ್ಷವೂ ಆ ಪದ್ಯ ಹೇಳಿಕೊಟ್ಟ ಬಾಯಿ ಅದು.

ಮೂಲೆಯಲ್ಲಿ ಕೂತಿದ್ದ ಅತ್ತೆ, ಮಗನನ್ನು ಕಳೆದುಕೊಂಡ ತಾಯಿ, ಮಡಿಲಲ್ಲಿ ಸಂಚಿ ಅದುಮಿಕೊಂಡು ಎದ್ದು ನಿಂತರು. "ಯಾಕೆ ಇನ್ನೊಬ್ಬರ ಮನೆ ಐದನ ಕಾಯ್ತೀರಿ? ಅವನ ಕೂಸು ಇಲ್ಲೇ ಅದಲ್ಲ. ಅವಳೇ ಮಣ್ಣಾಕ್ಲಿ ಬುಡಿ" ಎಂದರು. ಹಿರಿಯರೊಬ್ಬರು ಏನೋ ಹೇಳಹೋದರು. "ನನ್ನ ಮಗ ಕನಪ್ಪ, ನಿನ್ನ ಮಗ ಅಲ್ಲ" ಎಂದರು. ಅಲ್ಲಿಗೆ ಮುಗಿಯಿತು. ದೊಡ್ಡವಳೇ ಮಣ್ಣು ಹಾಕಿದಳು.

ಅತ್ತೆ ಅಕ್ಷರ ಕಲಿತವರಲ್ಲ. ಪ್ರಾಯದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಕೂಲಿ ಮಾಡಿದವರು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ತೆಗೆದು ತೆಗೆದು ಅವರ ಬೆರಳ ತುದಿ ಬಿರಿದು ಬೆಳ್ಳಗಾಗಿತ್ತು.

ಆ ಬೇಸಿಗೆ ರಜೆಯಲ್ಲಿ ಮಾಡಲು ಏನೂ ತೋಚದೆ 'ಹದಿಬದೆಯ ಧರ್ಮ'ವನ್ನು ಮೊದಲಿನಿಂದ ಓದತೊಡಗಿದೆ. ಅತ್ತೆಗೆ ಕೇಳಿಸಲೆಂದೇ ಗಟ್ಟಿಯಾಗಿ ಓದುತ್ತಿದ್ದೆ. ಅಷ್ಟು ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಎಲೆ ಮಡಿಸಿಕೊಡುವ ಕೆಲಸ ನನ್ನದಾಗಿತ್ತು. "ಇದು ರಾಗಿ ಬೀಸೋ ಪದದಂಗೇ ಅದೆ" ಎಂದು ಅವರೂ ತಲೆದೂಗುತ್ತಿದ್ದರು. ಗಂಡನ ಸೇವೆಯ ಭಾಗ ಬಂದಾಗ ನನಗೆ ಹಳೆಯ ಸಿಟ್ಟು ಬಂತು. ಪುಸ್ತಕ ಮುಚ್ಚಿ, ಇದೆಲ್ಲ ಯಾಕೆ ಬರೆದಳೋ ಎಂದೆ. ಅತ್ತೆ ನಕ್ಕರು.

"ನಿಂತ್ಕಂಡು ಊಳಿಗ ಮಾಡೋಳು ಒಡೇರ ಮುಂದೆ ಇನ್ನೇನು ಹೇಳಾಳು ಕೂಸೇ? ಅವರಿಗೆ ಬೇಕಾದ್ದು ಹತ್ತು ಮಾತು ಹೇಳಿ, ತನ್ನದು ಒಂದು ಮಾತು ಒಳಗೆ ಇಟ್ಟವಳೆ."

ಇದನ್ನು ಯಾವ ವಿಮರ್ಶಕರೂ ನನಗೆ ಹೀಗೆ ಹೇಳಿರಲಿಲ್ಲ. ಆ ಕಾಲದ ಅರಮನೆಯನ್ನು ನೆನೆಸಿಕೊಂಡರೆ ಮಾತಿನ ತೂಕ ತಿಳಿಯುತ್ತದೆ. ಚಿಕ್ಕದೇವರಾಜರು ಕಂದಾಯದ ವಿಷಯದಲ್ಲಿ ಕಟ್ಟುನಿಟ್ಟಿನವರು. ಅವರ ಆಳ್ವಿಕೆಯಲ್ಲಿ ರೈತರ, ಜಂಗಮರ ದಂಗೆಯೆದ್ದು ಕ್ರೂರವಾಗಿ ಅಡಗಿತು. ಅದೇ ಕಲಹದ ಬಿಸಿಯಲ್ಲಿ 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಅರಸನ ಬಾಲ್ಯದ ಗೆಳೆಯನಿಗೇ ಆ ಗತಿ ಬಂದ ರಾಜಧಾನಿಯಲ್ಲಿ ಸಂಚಿಯವಳ ಮಾತಿಗೆ ಎಷ್ಟು ಜಾಗವಿದ್ದೀತು? ಆದರೂ ಅತ್ತೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊನ್ನಮ್ಮ ಬರೆದದ್ದರಲ್ಲಿ ಬಹುಪಾಲನ್ನು ನಂಬಿಯೇ ಬರೆದಳೆಂದು ನನಗನ್ನಿಸುತ್ತದೆ. ನಂಬಿದವಳ ಒಳಗೇ ಆ ಪ್ರಶ್ನೆಯೂ ಹುಟ್ಟಿತು. ಬಿಡಿಸಿ ತೆಗೆದ ಎರಡು ಪದ್ಯಗಳಲ್ಲಿ ನಾನು ಕಂಡ ಹೊನ್ನಮ್ಮ ಧೈರ್ಯಸ್ಥೆ. ಇಡೀ ಪುಸ್ತಕದಲ್ಲಿ ಕಂಡವಳು ನನ್ನಂಥವಳು. ಜನ ಏನೆನ್ನುತ್ತಾರೋ ಎಂದು ಅಂಜುತ್ತಲೇ ಬಾಯಿ ತೆರೆದವಳು.

ನಾನೂ ತಡವಾಗಿ ಬಾಯಿ ತೆರೆದೆ. ಪೌತಿ ಖಾತೆಯ ಹೊತ್ತಿಗೆ ನೆಂಟರು, ಹುಡುಗಿಯರು ಹೇಗೂ ಮದುವೆಯಾಗಿ ಹೋಗುವವರು, ಅವರ ಹೆಸರೇಕೆ ಎಂದರು. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಕಾನೂನು ನನಗೆ ಗೊತ್ತಿಲ್ಲದ್ದಲ್ಲ. ಕಾಲು ನಡುಗುತ್ತಿದ್ದರೂ, ಅತ್ತೆಯ ಹೆಸರಿನ ಜೊತೆ ಇಬ್ಬರ ಹೆಸರೂ ಬರಲಿ ಎಂದೆ. ಅಂದಿನಿಂದ ಎರಡು ಮನೆಯವರು ನಮ್ಮಲ್ಲಿಗೆ ಬರುವುದು ಬಿಟ್ಟಿದ್ದಾರೆ.

ಈಗ ಪಾಠ ಮಾಡುವಾಗ ಎರಡೇ ಪದ್ಯ ಹೇಳಿ ನಿಲ್ಲಿಸುವುದಿಲ್ಲ. ಮನಸ್ಸಿಗೆ ಒಗ್ಗದ ಪದ್ಯಗಳನ್ನೂ ಓದಿಸುತ್ತೇನೆ, ಮಕ್ಕಳು ಜಗಳವಾಡಲಿ ಎಂದು ಬಿಡುತ್ತೇನೆ. ಒಮ್ಮೆ ಮನೆಗೂಡಿಸುವ ಕೆಲಸದವರ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಮಿಸ್, ಪುಸ್ತಕ ಬರೆದ ಮೇಲೆ ಅವರಿಗೆ ಸಂಚಿ ಹಿಡಿಯೋ ಕೆಲಸ ತಪ್ಪಿತಾ?"

"ಇವತ್ತಿಗೂ ಅವರನ್ನು ಏನಂತ ಕರೀತೀವಿ ಹೇಳು" ಎಂದೆ.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರೆ ಕೆಲಸ ಮಾಡ್ತಾ ಮಾಡ್ತಾನೇ ಬರೆದಿದ್ದಾರೆ" ಎಂದು ಕೂತಳು.