‘ಛಲೋ ಮನಷ್ಯಾ’

ಬೆಂಗಳೂರಿನಲ್ಲಿ ‘ಚಲೋ’ ಅಂದರೆ ಮೆರವಣಿಗೆ. ಜಮಖಂಡಿ, ಮುಧೋಳದ ಕಡೆ ‘ಛಲೋ’ ಅಂದರೆ ಒಳ್ಳೆಯದು: ಛಲೋ ಮಳಿ, ಛಲೋ ಎತ್ತು, ಛಲೋ ರೊಟ್ಟಿ.

ಚುನಾವಣೆ ಬಂದಾಗ ಮಾತ್ರ ಈ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಎಂದು ನೋಡಬೇಕು. ‘ಛಲೋ ಮನಷ್ಯಾ ಅದಾನ್ರಿ’ ಅಂದರೆ ಹೊಗಳಿಕೆ. ‘ಮನಷ್ಯಾ ಏನೋ ಛಲೋನ ಅದಾನ್ರಿ’ ಅಂದರೆ ಅಭ್ಯರ್ಥಿ ಸೋತ. ಆ ‘ಏನೋ’ದ ಬೆನ್ನಿಗೆ ‘ಆದ್ರ’ ಬರುತ್ತದೆ. ಮದುವೆಗೆ ಬಂದ, ಮಣ್ಣಿಗೆ ಬಂದ, ಹೆಸರು ಹಿಡಿದು ಮಾತಾಡಿಸಿದ. ಆದ್ರ ಕಾಲುವೆಗೆ ನೀರು ಬರಲಿಲ್ಲ.

ರಬಕವಿಯಲ್ಲಿ ನೇಕಾರ ಹಿರಿಯರೊಬ್ಬರು ಸೀರೆಯ ಸೆರಗನ್ನು ಒಳಮೈಗೆ ತಿರುವಿ, ಎಳೆ ಕಡಿದಿದೆಯೇ ಎಂದು ಬೆರಳಾಡಿಸಿ, ‘ಛಲೋ ಐತಿ’ ಎಂದರು. ಅಭ್ಯರ್ಥಿಗಳ ಬಗ್ಗೆ ಕೇಳಿದೆ. ‘ಅವರನ್ನ ತಿರುವಿ ನೋಡಾಕ ಐದ್ ವರ್ಷ ಬೇಕಲ್ರೀ ಸರ!’ ಅವರ ತೇರದಾಳ ಕ್ಷೇತ್ರ ಹಾಗೇ ಮಾಡಿದೆ: 2008ರಲ್ಲಿ ಸಿದ್ದು ಸವದಿ, 2013ರಲ್ಲಿ ನಟಿ ಉಮಾಶ್ರೀ, 2018ರಲ್ಲಿ ಮತ್ತೆ ಸವದಿ. ಬೀಳಗಿಯವರಂತೂ 2008ರಿಂದ ಮುರುಗೇಶ ನಿರಾಣಿ, ಜೆ.ಟಿ. ಪಾಟೀಲರನ್ನು ಹೆಂಚಿನ ಮೇಲಿನ ರೊಟ್ಟಿಯಂತೆ ತಿರುವುತ್ತಲೇ ಇದ್ದಾರೆ.

ಕೆಲಸ ಮಾಡಿ ತೋರಿಸಿದವನಿಗೆ ಈ ಸೀಮೆ ‘ಛಲೋ’ ಅನ್ನುವುದಿಲ್ಲ, ಕೆಲಸವನ್ನೇ ಹೆಸರಿಗೆ ಅಂಟಿಸುತ್ತದೆ. 1989ರಲ್ಲಿ ಚಿಕ್ಕಪಡಸಲಗಿ ಬಳಿ ರೈತರು ತಾವೇ ಹಣ ಹಾಕಿ, ಮೈಮುರಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಗೆ ಬಂದ ರಾಮಕೃಷ್ಣ ಹೆಗಡೆ ಈ ಬ್ಯಾರೇಜಿನೆದುರು ಸೋತರು. ಹೆಗಡೆಯವರ ನಗುವನ್ನು, ಮಾತನ್ನು ವಿರೋಧಿಗಳೂ ಮೆಚ್ಚುತ್ತಿದ್ದರು. ರಾಜೀವ್ ಗಾಂಧಿ ಹತ್ಯೆಯ ನಂತರದ ಕಾಂಗ್ರೆಸ್ ಅಲೆಯೂ ಇತ್ತು. ಎಲ್ಲವನ್ನೂ ಬ್ಯಾರೇಜಿನ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ.

ಅದೇ ನ್ಯಾಮಗೌಡರು ಜಮಖಂಡಿಯ ಶಾಸಕರಾಗಲು 2013ರವರೆಗೆ ಕಾಯಬೇಕಾಯಿತು. 2018ರ ಮೇ ತಿಂಗಳಲ್ಲಿ ಮತ್ತೆ ಗೆದ್ದರು, ಬರೀ 2,795 ಮತಗಳಿಂದ. ಅದೇ ತಿಂಗಳು ಅಪಘಾತದಲ್ಲಿ ತೀರಿಕೊಂಡರು. ಸತ್ತವರ ಮಾತು ಬಂದಾಗ ಇಲ್ಲಿ ‘ಛಲೋ ಮನಷ್ಯಾ ಇದ್ರು’ ಅನ್ನುತ್ತಾರೆ. ಆ ‘ಇದ್ರು’ ಆದಮೇಲೆ ‘ಆದ್ರ’ ಬರುವುದಿಲ್ಲ. ನವೆಂಬರ್‌ನ ಉಪಚುನಾವಣೆಯಲ್ಲಿ ಮಗ ಆನಂದ ನ್ಯಾಮಗೌಡರು ಗೆದ್ದ ಅಂತರ 39,480. 2023ರಲ್ಲಿ ಅವರೂ ಸೋತರು.